ಕಣ್ಣಿಗೆ ಕೆಲಸ ಕೊಟ್ಟವರು

ನಾಟಕ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಗುಬ್ಬಿ ಈಗ ಹೆಲಿಕಾಪ್ಟರಿನಿಂದಲೂ ಸುದ್ದಿಯಲ್ಲಿದೆ. ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ನಮ್ಮೆಲ್ಲರ ಬಾಯಲ್ಲಿ ಎಚ್‌ಎಎಲ್, ಕಟ್ಟಿಸಿದ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯಾಯಿತು. ಮೊದಲು ಇಲ್ಲಿ ತಯಾರಾಗಲಿ ಎಂದು ಗೊತ್ತುಮಾಡಿದ್ದು ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಹಗುರ ಹೆಲಿಕಾಪ್ಟರು. ಅದು ಮೊದಲ ಬಾರಿಗೆ ಹಾರಿದ್ದು ಬೆಂಗಳೂರಿನಲ್ಲಿ, 2016ರ ಸೆಪ್ಟೆಂಬರಿನಲ್ಲಿ.

ಆ ಯಂತ್ರದ ಒಳಗೆ ಪೈಲಟ್ ಹೇಗೆ ಕೂರುತ್ತಾನೆ ಎಂಬುದನ್ನು ಸ್ವಲ್ಪ ಗಮನಿಸಬೇಕು. ಎರಡು ಮೊಣಕಾಲುಗಳ ನಡುವೆ ಎದ್ದು ನಿಂತ ಕೋಲಿನ ಮೇಲೆ ಅವನ ಬಲಗೈ. ಅದನ್ನು ಯಾವ ಕಡೆ ವಾಲಿಸಿದರೆ ಹೆಲಿಕಾಪ್ಟರು ಆ ಕಡೆಗೆ ವಾಲುತ್ತದೆ. ಆಸನದ ಎಡಪಕ್ಕದ ಸನ್ನೆಯ ಮೇಲೆ ಎಡಗೈ. ಏರುವುದು ಇಳಿಯುವುದು ಅದರಿಂದ. ಎರಡು ಪಾದಗಳೂ ಪೆಡಲಿನ ಮೇಲೆ. ಬಾಲದ ರೆಕ್ಕೆಯನ್ನು ಅವು ಹಿಡಿತದಲ್ಲಿಡದಿದ್ದರೆ ಮೂತಿ ಸುತ್ತತೊಡಗುತ್ತದೆ. ವಿಮಾನವಾದರೆ ಒಂದು ಗಳಿಗೆ ಕೈ ಬಿಟ್ಟರೂ ತನ್ನ ಪಾಡಿಗೆ ತಾನು ಸಾಗುತ್ತದೆ. ಗಾಳಿಯಲ್ಲಿ ನಿಂತ ಹೆಲಿಕಾಪ್ಟರಿಗೆ ಆ ಔದಾರ್ಯವಿಲ್ಲ. ಅಂಥ ಹೊತ್ತಿನಲ್ಲಿ ತೆರೆಯ ಮೇಲಿನ ನಕಾಶೆಯನ್ನು ಸರಿಸಬೇಕು, ರೇಡಿಯೊ ಬದಲಿಸಬೇಕು ಎಂದರೆ ಪೈಲಟ್ ಯಾವ ಕೈಯನ್ನು ಎತ್ತಬೇಕು?

ಕೈಕಾಲು ನಾಲ್ಕೂ ಗಟ್ಟಿಯಾಗಿದ್ದು ಒಂದಕ್ಕೂ ಬಿಡುವಿಲ್ಲದ ಮನುಷ್ಯ ಇವನು. ಇವನಿಗೆ ಪೂರಾ ಎದುರು ತುದಿಯಲ್ಲಿ ಇನ್ನು ಕೆಲವರಿದ್ದಾರೆ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿ, ನರಗಳು ಒಂದೊಂದಾಗಿ ಸೋಲುತ್ತ ಹೋಗುವ ಎಎಲ್‌ಎಸ್ ಕಾಯಿಲೆಯ ನಡುವಯಸ್ಸಿನವರು, ಬೈಕಿನಿಂದ ಬಿದ್ದು ಕತ್ತಿನ ಮೂಳೆ ಮುರಿದುಕೊಂಡ ಯುವಕ. ಇವರ ಕೈಗೆ ಬೇಕಾದಷ್ಟು ಬಿಡುವಿದೆ, ಹೇಳಿದ ಮಾತು ಕೇಳುವ ಗುಣವಿಲ್ಲ. ಕಣ್ಣಿನ ಚಲನೆಯಿಂದ ಕಂಪ್ಯೂಟರ್ ನಡೆಸುವ ತಂತ್ರಜ್ಞಾನದ ನೂರೈವತ್ತು ವರ್ಷದ ಕಥೆಯೆಂದರೆ ಈ ಎರಡು ತುದಿಗಳ ನಡುವಿನ ಕೊಡುಕೊಳ್ಳುವಿಕೆ. ಹೆಚ್ಚಿನ ಪಾಲು ದುಡ್ಡು ಹರಿದದ್ದು ಪೈಲಟ್ಟಿನ ಹೆಸರಿನಲ್ಲಿ, ಉಳಿದವರಿಗೆ ದಕ್ಕಿದ್ದು ಅದರ ಮಿಗತೆ. ಬೆಂಗಳೂರಿನಲ್ಲಿ ಮಾತ್ರ ಹರಿವು ಒಂದಿಷ್ಟು ತಿರುವುಮುರುವಾಯಿತು. ಆ ಕಾರಣಕ್ಕೇ ಈ ಕಥೆಯನ್ನು ಕನ್ನಡದಲ್ಲಿ ಹೇಳಬೇಕು ಅನ್ನಿಸುತ್ತದೆ.

ದೇಹವೆಲ್ಲ ಸೋತರೂ ಕಣ್ಣು ಯಾಕೆ ಉಳಿಯುತ್ತದೆ? ಕಣ್ಣುಗುಡ್ಡೆಯನ್ನು ತಿರುಗಿಸುವ ನರಗಳು ಬೆನ್ನುಹುರಿಯ ಹಾದಿ ಹಿಡಿಯುವುದಿಲ್ಲ, ಮಿದುಳಿನ ಬುಡದಿಂದ ನೇರ ಹೊರಡುತ್ತವೆ. ಕತ್ತಿನಲ್ಲಿ ಬೆನ್ನುಹುರಿ ತುಂಡಾದರೂ ಅವುಗಳಿಗೆ ಏನೂ ಆಗದು. ಎಎಲ್‌ಎಸ್‌ನಲ್ಲಿ ಕೈಕಾಲು, ನಾಲಿಗೆ, ಗಂಟಲು ಸೋತ ಮೇಲೂ ಕಣ್ಣಿನ ಸ್ನಾಯುಗಳು ಸಾಮಾನ್ಯವಾಗಿ ಬಹುಕಾಲ ತಡೆದುಕೊಳ್ಳುತ್ತವೆ. ಮಿದುಳುಕಾಂಡಕ್ಕೆ ಪಾರ್ಶ್ವವಾಯು ಬಡಿದು ಮೈಯೆಲ್ಲ ಕಲ್ಲಾದವರಲ್ಲೂ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಎಷ್ಟೋ ಸಲ ಉಳಿದಿರುತ್ತದೆ. ಫ್ರಾನ್ಸಿನ ಸಂಪಾದಕ ಜಾನ್ ಡೊಮಿನಿಕ್ ಬೊಬಿ ಹಾಗೆ ಉಳಿದ ಒಂದೇ ಎಡಗಣ್ಣಿನ ರೆಪ್ಪೆಯಿಂದ ಅಕ್ಷರ ಆರಿಸಿ ಇಡೀ ಪುಸ್ತಕ ಬರೆಸಿದರು. ಅದು 1997ರಲ್ಲಿ ಅಚ್ಚಾಯಿತು. ಅಲ್ಲಿ ಯಂತ್ರವೇ ಇರಲಿಲ್ಲ. ಎದುರಿಗೆ ಕೂತು ಅಕ್ಷರಮಾಲೆ ಹೇಳುತ್ತ ಹೋದ ಒಬ್ಬ ಸಹಾಯಕಿಯ ತಾಳ್ಮೆ ಇತ್ತು.

ಕಣ್ಣಿನ ಚಲನೆಯನ್ನು ಅಳೆಯಬೇಕೆಂಬ ಆಸೆ ಶುರುವಾದದ್ದು ಯಂತ್ರ ನಡೆಸುವುದಕ್ಕಲ್ಲ, ಓದುವಾಗ ಕಣ್ಣು ಏನು ಮಾಡುತ್ತದೆಂದು ತಿಳಿಯುವುದಕ್ಕೆ. 1870ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಮತ್ತು ಅವನ ಸಂಗಡಿಗರು, ಓದುವ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಜಿಗಿದು ನಿಂತು ಮತ್ತೆ ಜಿಗಿಯುತ್ತದೆ ಎಂಬುದನ್ನು ತೋರಿಸಿದರು. ಅದು ಸುಲಭಕ್ಕೆ ಹೊಳೆಯುವಂಥದ್ದಲ್ಲ, ಏಕೆಂದರೆ ತನ್ನ ಕಣ್ಣಿನ ಜಿಗಿತ ತನಗೇ ಕಾಣುವುದಿಲ್ಲ. ಜಿಗಿಯುವ ಕ್ಷಣದಲ್ಲಿ ಮಿದುಳು ನೋಟಕ್ಕೆ ತೆರೆ ಎಳೆದುಬಿಡುತ್ತದೆ. ಜವಾಲನಿಗೆ ಮುಂದೆ ಗ್ಲೊಕೋಮಾ ಬಂದು ಎರಡು ಕಣ್ಣುಗಳೂ ಹೋದವು. ಸುಮ್ಮನೆ ಕೂರುವ ಜಾಯಮಾನ ಅವನದಾಗಿರಲಿಲ್ಲ. ಕುರುಡರು ದಿನನಿತ್ಯದ ಬದುಕನ್ನು ಹೇಗೆ ನಿಭಾಯಿಸಬೇಕೆಂದು ಒಂದು ಪುಸ್ತಕ ಬರೆದ.

ಅಮೆರಿಕದ ಎಡ್ಮಂಡ್ ಹ್ಯೂಯಿಗೆ ಕಣ್ಣಾರೆ ಕಂಡದ್ದಷ್ಟೇ ಸಾಲದಾಯಿತು, ಬರೆದಿಟ್ಟ ಗುರುತು ಬೇಕಿತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅವನು ಓದುಗನ ಕಣ್ಣಿಗೆ ಕೊಕೇನಿನ ಹನಿ ಹಾಕಿ ಜೋಮು ಹಿಡಿಸಿ, ಗುಡ್ಡೆಯ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲನ್ನು ಕೂರಿಸಿ, ಅದಕ್ಕೆ ಅಲ್ಯುಮಿನಿಯಮ್ಮಿನ ತೆಳುಕಡ್ಡಿ ಕಟ್ಟಿ, ಮಸಿ ಹಿಡಿಸಿದ ಉರುಳೆಯ ಮೇಲೆ ಗೀರು ಮೂಡಿಸಿದ. ಓದುತ್ತಿದ್ದರೇ ಮೈ ಜುಮ್ಮೆನ್ನುತ್ತದೆ. 1901ರಲ್ಲಿ ರೇಮಂಡ್ ಡಾಡ್ಜ್ ಮತ್ತು ಥಾಮಸ್ ಕ್ಲೈನ್ ಈ ಹಿಂಸೆಗೆ ಕೊನೆ ಹಾಡಿದರು. ಕಣ್ಣನ್ನು ಮುಟ್ಟುವುದೇ ಬೇಡ, ಅದರ ಮೇಲೆ ಬೆಳಕು ಬಿಟ್ಟು ಕಪ್ಪುಗುಡ್ಡೆಯ ಮೇಲೆ ಮಿನುಗುವ ಪ್ರತಿಫಲನವನ್ನು ಫೋಟೊ ಫಲಕದಲ್ಲಿ ಹಿಡಿದರೆ ಸಾಕು ಎಂದರು. ಕಣ್ಣಿನ ಪದರಗಳಿಂದ ಬೆಳಕು ಹೀಗೆ ಮರಳುತ್ತದೆಂದು ಯಾನ್ ಪುರ್ಕಿನ್ಯೆ 1823ರಲ್ಲೇ ಬರೆದಿಟ್ಟಿದ್ದ. ಇವತ್ತು ಅಂಗಡಿಯಲ್ಲಿ ಸಿಗುವ ಕಣ್ಣಿನ ಕ್ಯಾಮೆರಾವೂ ಮೂಲದಲ್ಲಿ ಇದನ್ನೇ ಮಾಡುತ್ತದೆ.

ಇಷ್ಟರವರೆಗೂ ಕಣ್ಣು ಪರೀಕ್ಷೆಗೆ ಒಳಗಾದ ವಸ್ತು. ಅದು ವಿಮಾನ ಹತ್ತಿದ್ದು ಎರಡನೆಯ ಮಹಾಯುದ್ಧದ ಬೆನ್ನಿಗೆ. ಮೋಡ ಕವಿದಾಗ ಪೈಲಟ್ ಮುಂದಿನ ಮುಳ್ಳುಗಳನ್ನಷ್ಟೇ ನಂಬಿ ಇಳಿಯಬೇಕು. ತಪ್ಪು ಮುಳ್ಳನ್ನು ನೋಡಿ, ಅಥವಾ ಸರಿಯಾದದ್ದನ್ನು ತಡವಾಗಿ ನೋಡಿ ಎಷ್ಟೋ ಜನ ಸತ್ತಿದ್ದರು. ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಪಾಲ್ ಫಿಟ್ಸ್, ರಿಚರ್ಡ್ ಜೋನ್ಸ್, ಜಾನ್ ಮಿಲ್ಟನ್ ಮೂವರೂ 1947ರಿಂದ ಕಾಕ್‌ಪಿಟ್‌ನಲ್ಲಿ ಕನ್ನಡಿ ಇಟ್ಟು, ಸಿನಿಮಾ ಕ್ಯಾಮೆರಾದಿಂದ ಪೈಲಟ್‌ಗಳ ಕಣ್ಣನ್ನು ಚಿತ್ರೀಕರಿಸಿದರು. ಆ ರೀಲುಗಳ ಒಂದೊಂದೇ ಚೌಕಟ್ಟನ್ನು ನೋಡಿ, ಯಾವ ಮುಳ್ಳಿನ ಮೇಲೆ ಎಷ್ಟು ಹೊತ್ತು, ಅಲ್ಲಿಂದ ಯಾವುದರ ಕಡೆ ಎಂದು ಕೈಯಿಂದ ಲೆಕ್ಕ ಬರೆದರು. ಪೈಲಟ್ ಯಾವುದನ್ನು ಎಷ್ಟು ಸಲ ನೋಡುತ್ತಾನೆ ಎಂಬುದು ಅದರ ಮಹತ್ವವನ್ನು ಹೇಳುತ್ತದೆ, ಎಷ್ಟು ಹೊತ್ತು ನೋಡುತ್ತಾನೆ ಎಂಬುದು ಅದನ್ನು ಓದುವ ಕಷ್ಟವನ್ನು ಹೇಳುತ್ತದೆ: ಅವರಿಗೆ ಸಿಕ್ಕ ಈ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಮುಖ್ಯ ಮುಳ್ಳುಗಳನ್ನು ಹತ್ತಿರ ಹತ್ತಿರ ಜೋಡಿಸುವ ಪದ್ಧತಿಗೆ ಬಲ ಬಂದದ್ದೂ ಇಂಥ ಲೆಕ್ಕದಿಂದ.

ಇದೇ ಫಿಟ್ಸ್ 1954ರಲ್ಲಿ ಇನ್ನೊಂದು ನಿಯಮ ಕೊಟ್ಟ. ಗುರಿ ದೂರವಿದ್ದಷ್ಟೂ, ಕಿರಿದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಗಣಿತದಲ್ಲಿ ಹಿಡಿದ. ಕಂಪ್ಯೂಟರಿನ ತೆರೆಯ ಮೇಲೆ ಗುಂಡಿ ಎಷ್ಟು ದೊಡ್ಡದಿರಬೇಕು, ಎಲ್ಲಿರಬೇಕು ಎಂದು ಲೆಕ್ಕ ಹಾಕುವವರು ಈಗಲೂ ಅವನ ಹೆಸರು ಹೇಳುತ್ತಾರೆ. ಕೈ ನಡುಗುವವರಿಗಾಗಿ ತೆರೆ ವಿನ್ಯಾಸ ಮಾಡುವವರೂ ಮೊದಲು ಬಿಡಿಸುವ ಪುಟ ಅದೇ.

ಅದೇ ದಶಕಗಳಲ್ಲಿ ಎದುರು ತುದಿಯಲ್ಲಿ ಏನಿತ್ತು? ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಜಖಂಗೊಂಡವರ ಹಾಸಿಗೆಯ ಪಕ್ಕ ಒಂದು ಸೀಟಿ ಇರುತ್ತಿತ್ತು. ಯಾರನ್ನಾದರೂ ಕರೆಯಬೇಕೆಂದರೆ ಅದನ್ನು ಊದಬೇಕು. ರೆಗ್ ಮೇಲಿಂಗ್ ಎಂಬಾತ ಇದನ್ನು ಕಂಡು, ಊದುವ ಉಸಿರಿಗೇ ಇನ್ನಷ್ಟು ಕೆಲಸ ಕೊಡಬಹುದಲ್ಲ ಎಂದು ಯೋಚಿಸಿ, 1960ರ ಸುಮಾರಿಗೆ ಕೊಳವೆಯಲ್ಲಿ ಊದಿ ಹೀರಿ ದೀಪ, ಫೋನು, ಟೈಪ್‌ರೈಟರು ನಡೆಸುವ ಯಂತ್ರ ಮಾಡಿಸಿದ. ಹೆಸರು ಪೋಸಮ್. ಕಣ್ಣಿನ ಸರದಿ ಬಂದದ್ದು ಮತ್ತೆ ಆಕಾಶದ ಕಡೆಯಿಂದ. ರಾಕೆಟ್ ಮೇಲೇರುವಾಗ ಗಗನಯಾತ್ರಿಯ ಕೈ ತನ್ನದೇ ಭಾರಕ್ಕೆ ಆಸನಕ್ಕಂಟಿ ಏಳದಂತಾಗುತ್ತದೆ, ಆಗ ಸ್ವಿಚ್ ಒತ್ತುವುದು ಹೇಗೆ ಎಂಬ ಪ್ರಶ್ನೆ ನಾಸಾಗೆ ಇತ್ತು. 1960ರ ದಶಕದಲ್ಲಿ ಅಲಬಾಮದ ಹಂಟ್ಸ್‌ವಿಲ್‌ನ ಒಂದು ಕಂಪನಿ, ಕಣ್ಣಿನ ಬಿಳಿಗುಡ್ಡೆಯಿಂದ ಮರಳುವ ಅತಿಗೆಂಪು ಬೆಳಕಿನ ಏರುಪೇರನ್ನು ಹಿಡಿದು ನಡೆಯುವ ಸ್ವಿಚ್ಚನ್ನು ಕನ್ನಡಕದ ಚೌಕಟ್ಟಿಗೆ ಕೂರಿಸಿ ಕೊಟ್ಟಿತು. ಅದು ಭೂಮಿಯ ಮೇಲೆ ಹೆಸರು ಮಾಡಿದ್ದು ಗಾಲಿಕುರ್ಚಿ ನಡೆಸುವ ಸಾಧನವಾಗಿ. ಎರಡು ತುದಿಗಳು ಮೊದಲ ಸಲ ಒಂದೇ ಯಂತ್ರದಲ್ಲಿ ಮುಖಾಮುಖಿಯಾದದ್ದು ಅಲ್ಲಿ ಎಂದು ನನ್ನ ಎಣಿಕೆ.

ನಿಜವಾದ ತಿರುವು ಕೊಟ್ಟವನು ಹನಿವೆಲ್ ಕಂಪನಿಯ ಜಾನ್ ಮರ್ಚೆಂಟ್. ನಾಸಾದ ದುಡ್ಡಿನಲ್ಲಿ ಮಾಡಿದ ಅವನ ಆಕ್ಯುಲೋಮೀಟರಿನ ವರದಿ 1967ರದು. ಅವನ ಉಪಾಯ ಸರಳ. ಕಣ್ಣಿನ ಮೇಲೆ ಅತಿಗೆಂಪು ದೀಪ ಬಿಟ್ಟರೆ ಕಾರ್ನಿಯಾದ ಮೇಲೆ ಒಂದು ಮಿಂಚುಚುಕ್ಕೆ ಮೂಡುತ್ತದೆ. ತಲೆ ಒಂದಿಷ್ಟು ಸರಿದರೆ ಆ ಚುಕ್ಕೆ ಮತ್ತು ಪಾಪೆ ಎರಡೂ ಜತೆಯಲ್ಲೇ ಸರಿಯುತ್ತವೆ. ಗುಡ್ಡೆ ತಿರುಗಿದರೆ ಪಾಪೆ ಮಾತ್ರ ಹೆಚ್ಚು ಸರಿಯುತ್ತದೆ. ಹಾಗಾದರೆ ಎರಡರ ನಡುವಿನ ಅಂತರವನ್ನು ಅಳೆದರೆ ತಲೆಯ ಚಲನೆಯನ್ನು ಕಳೆದು ಬರೀ ನೋಟವನ್ನು ಉಳಿಸಿಕೊಳ್ಳಬಹುದು. ಗಲ್ಲವನ್ನು ಕಟ್ಟಿಹಾಕಬೇಕಿಲ್ಲ, ಹಲ್ಲಿನಲ್ಲಿ ಕಚ್ಚುಪಟ್ಟಿ ಹಿಡಿಯಬೇಕಿಲ್ಲ, ಕಣ್ಣಿಗೆ ಏನನ್ನೂ ಅಂಟಿಸಬೇಕಿಲ್ಲ. ಸೆರೆಬ್ರಲ್ ಪಾಲ್ಸಿಯಿಂದ ತಲೆ ತಾನಾಗಿ ವಾಲುವ ಮಗುವಿಗೆ ಈ ವ್ಯವಕಲನ ಎಷ್ಟು ದೊಡ್ಡದೆಂದು ಮರ್ಚೆಂಟನಿಗೆ ಆಗ ಹೊಳೆದಿತ್ತೋ ಇಲ್ಲವೋ, ಅವನ ಮುಂದಿದ್ದ ಗಿರಾಕಿ ಪೈಲಟ್.

ಇಲ್ಲೊಂದು ಗೊಂದಲ ಬಗೆಹರಿಸಬೇಕು. ನಮ್ಮ ಎಚ್‌ಎಎಲ್‌ನ ಪ್ರಚಂಡ ಹೆಲಿಕಾಪ್ಟರಿನಲ್ಲಿ ಪೈಲಟ್ ತಿರುಗಿದ ಕಡೆಗೆ ಬಂದೂಕಿನ ಮೂತಿಯೂ ತಿರುಗುತ್ತದೆ. ಅಮೆರಿಕದ ಅಪಾಚೆ 1980ರ ದಶಕದಿಂದಲೇ ಅದನ್ನು ಮಾಡುತ್ತಿದೆ. ಆದರೆ ಅಲ್ಲಿ ಯಂತ್ರ ಓದುವುದು ಹೆಲ್ಮೆಟ್ಟಿನ ದಿಕ್ಕನ್ನು, ಅಂದರೆ ತಲೆಯನ್ನು. ಕಣ್ಣನ್ನಲ್ಲ. ಹಾಗೆಯೇ ಸ್ಟೀಫನ್ ಹಾಕಿಂಗ್ ಕಣ್ಣಿನಿಂದ ಬರೆಯುತ್ತಿದ್ದರು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕೊನೆಯ ವರ್ಷಗಳಲ್ಲಿ ಅವರು ಬಳಸಿದ್ದು ಕೆನ್ನೆಯ ಒಂದು ಸ್ನಾಯುವನ್ನು. ಕನ್ನಡಕಕ್ಕೆ ಕಟ್ಟಿದ ಅತಿಗೆಂಪು ಸಂವೇದಕ ಆ ಕೆನ್ನೆಯ ಅಲುಗಾಟವನ್ನು ಹಿಡಿಯುತ್ತಿತ್ತು.

1980ರ ದಶಕದಲ್ಲಿ ಕಂಪ್ಯೂಟರು ಮೇಜಿನ ಮೇಲೆ ಬಂದು ಕೂತಿತು, ವಿಡಿಯೊ ಕ್ಯಾಮೆರಾ ಸೋವಿಯಾಯಿತು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಚಿನ್ಸನ್ ಎರಿಕಾ ಎಂಬ ವ್ಯವಸ್ಥೆಯನ್ನು ನೇರವಾಗಿ ಅಂಗವಿಕಲರಿಗೆಂದೇ ಕಟ್ಟಿದರು. ಅದೇ ರಾಜ್ಯದ ಎಲ್‌ಸಿ ಟೆಕ್ನಾಲಜೀಸ್ ಎಂಬ ಪುಟ್ಟ ಕಂಪನಿಯೂ ಇದೇ ಕೆಲಸಕ್ಕೆ ಇಳಿದಿತ್ತು. ಆಮೇಲೆ ಬಾಸ್ಟನ್ ಕಾಲೇಜಿನ ಜೇಮ್ಸ್ ಗಿಪ್ಸ್ ಮತ್ತು ಸಂಗಡಿಗರು ಕ್ಯಾಮೆರಾ ಬಿಟ್ಟು ಕಣ್ಣಿನ ಸುತ್ತ ವಿದ್ಯುತ್ ಪಟ್ಟಿಗಳನ್ನು ಅಂಟಿಸಿ ಮಕ್ಕಳಿಗೆ ಕಲಿಸಿದರು. ಒಳಗೆ ಬುದ್ಧಿ ಇದೆಯೋ ಇಲ್ಲವೋ ಎಂದು ದೊಡ್ಡವರು ಅನುಮಾನಿಸಿದ್ದ ಮಕ್ಕಳು ತೆರೆಯ ಮೇಲೆ ಆಟ ಆಡತೊಡಗಿದರು.

ಯಂತ್ರ ಬಂತು, ಆದರೆ ಹೊಸದೊಂದು ಪೀಡೆಯೂ ಬಂತು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಜೇಕಬ್ 1990ರಲ್ಲಿ ಅದನ್ನು ಚೆನ್ನಾಗಿ ಬಿಡಿಸಿ ಹೇಳಿದ. ಅವನು ಹೇಳಿದ್ದು ಗ್ರೀಕರ ಮೈಡಾಸನ ಕಥೆ ಹಿಡಿದು. ನಮಗಾದರೆ ಭಸ್ಮಾಸುರನೇ ಸಾಕು: ಕೈ ಇಟ್ಟದ್ದೆಲ್ಲ ಬೂದಿ. ಕಣ್ಣು ಇರುವುದೇ ನೋಡುವುದಕ್ಕೆ. ಅದಕ್ಕೆ ಕರ್ಸರನ್ನು ಕಟ್ಟಿದರೆ ನೋಡಿದ್ದೆಲ್ಲ ಕ್ಲಿಕ್ ಆಗುತ್ತದೆ. ಅಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿದ ಮಾತ್ರಕ್ಕೆ ಬರೆದದ್ದು ಅಳಿಸಿ ಹೋಗುತ್ತದೆ. ಮೌಸ್ ಹಿಡಿದ ಕೈ ಸುಮ್ಮನೆ ಇರಬಲ್ಲದು. ಎಚ್ಚರವಾಗಿರುವ ಕಣ್ಣು ಸುಮ್ಮನಿರದು. ಪರಿಹಾರವಾಗಿ ಬಂದದ್ದು ತಡೆದು ನೋಡುವ ಕ್ರಮ. ಒಂದು ಗುಂಡಿಯ ಮೇಲೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ದೃಷ್ಟಿ ನೆಟ್ಟರೆ ಮಾತ್ರ ಒತ್ತಿದಂತೆ. ಹೊತ್ತು ಕಡಿಮೆ ಇಟ್ಟರೆ ತಪ್ಪು, ಜಾಸ್ತಿ ಇಟ್ಟರೆ ಕಣ್ಣಿಗೆ ಆಯಾಸ. ಪ್ರತಿಯೊಬ್ಬರಿಗೂ ಹದ ಬೇರೆ. ಸಂಜೆಯ ಹೊತ್ತಿಗೆ ಅದೇ ಮನುಷ್ಯನಿಗೂ ಬೇರೆ.

ಈ ಪೀಡೆಗೆ ನನಗೆ ಬಹಳ ಹಿಡಿಸಿದ ಉತ್ತರ ಬಂದದ್ದು ಕೇಂಬ್ರಿಜ್‌ನಿಂದ. ಭೌತವಿಜ್ಞಾನಿ ಡೇವಿಡ್ ಮೆಕೇ ಮತ್ತು ಅವನ ವಿದ್ಯಾರ್ಥಿ ಡೇವಿಡ್ ವಾರ್ಡ್ 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಡ್ಯಾಷರ್ ಎಂಬ ಬರೆಯುವ ಸಾಧನವನ್ನು ವರ್ಣಿಸಿದರು. ಅದರಲ್ಲಿ ಒತ್ತುವ ಗುಂಡಿಯೇ ಇಲ್ಲ. ಅಕ್ಷರಗಳು ತೆರೆಯ ಬಲಗಡೆಯಿಂದ ತೇಲಿ ಬರುತ್ತವೆ, ಬೇಕಾದ ಅಕ್ಷರದ ಕಡೆ ನೋಡುತ್ತಿದ್ದರೆ ಅದು ಹಿಗ್ಗುತ್ತ ಹತ್ತಿರವಾಗುತ್ತದೆ, ಅದರೊಳಗೆ ಮುಂದಿನ ಅಕ್ಷರಗಳು ಕಾಣುತ್ತವೆ. ಭಾಷೆಯಲ್ಲಿ ಮುಂದೆ ಬರುವ ಸಂಭವ ಹೆಚ್ಚಿರುವ ಅಕ್ಷರಕ್ಕೆ ದೊಡ್ಡ ಜಾಗ, ಅಪರೂಪದ್ದಕ್ಕೆ ಚಿಕ್ಕದು. ಸದಾ ಅಲೆಯುವ ಕಣ್ಣನ್ನು ಕಟ್ಟಿ ನಿಲ್ಲಿಸುವ ಬದಲು ಅಲೆದಾಟವನ್ನೇ ಬರವಣಿಗೆ ಮಾಡಿದರು. ಮೆಕೇ ಇದನ್ನು ಮಾರಲಿಲ್ಲ, ಪುಕ್ಕಟೆ ಹಂಚಿದ.

ದುಡ್ಡಿನ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. 2001ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಟೋಬಿ ಕಂಪನಿ ಈ ಕ್ಷೇತ್ರದ ದೊಡ್ಡಣ್ಣನಾಯಿತು. ಅದರ ಯಂತ್ರಗಳು ಚೆನ್ನಾಗಿದ್ದವು, ಬೆಲೆ ಲಕ್ಷಗಟ್ಟಲೆ. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದಕ್ಕೊಂದು ತುಂಟ ಉತ್ತರ ಬಂತು. ಗೋಡೆಗಳ ಮೇಲೆ ಗ್ರಾಫಿಟಿ ಬರೆದು ಟೆಂಪ್ಟ್ ಒನ್ ಎಂದು ಹೆಸರಾಗಿದ್ದ ಟೋನಿ ಕ್ವಾನ್ ಎಎಲ್‌ಎಸ್‌ನಿಂದ ಹಾಸಿಗೆ ಹಿಡಿದಿದ್ದರು. ಅವರ ಅಭಿಮಾನಿಗಳಾದ ಕಲಾವಿದರು ಅಗ್ಗದ ತಂಪುಕನ್ನಡಕದ ಚೌಕಟ್ಟು, ಆಟದ ಯಂತ್ರದ ಕ್ಯಾಮೆರಾ, ಒಂದಿಷ್ಟು ತಂತಿ ಸೇರಿಸಿ, ಸುಮಾರು 50 ಡಾಲರಿನಲ್ಲಿ ಐ ರೈಟರ್ ಎಂಬುದನ್ನು ಕಟ್ಟಿಕೊಟ್ಟರು. ಆಸ್ಪತ್ರೆಯಲ್ಲಿ ಮಲಗಿದ್ದ ಟೋನಿ ಕಣ್ಣಿನಿಂದ ಗೀಚಿದ ಅಕ್ಷರಗಳು ಊರಿನ ಕಟ್ಟಡದ ಗೋಡೆಯ ಮೇಲೆ ಬೆಳಕಾಗಿ ಮೂಡಿದವು. ಮಾಡುವ ವಿಧಾನವನ್ನೆಲ್ಲ ಯಾರು ಬೇಕಾದರೂ ನಕಲು ಮಾಡಲೆಂದು ಬಿಟ್ಟುಕೊಟ್ಟರು. ಆಮೇಲೆ ಡೆನ್ಮಾರ್ಕಿನ ಐ ಟ್ರೈಬ್ ಕಂಪನಿ 99 ಡಾಲರಿಗೆ ಪುಟ್ಟ ಕ್ಯಾಮೆರಾಪಟ್ಟಿ ಮಾರಿತು.  2016ರ ಕೊನೆಯಲ್ಲಿ ಫೇಸ್‌ಬುಕ್ ಆ ಕಂಪನಿಯನ್ನೇ ನುಂಗಿತು, ಕ್ಯಾಮೆರಾ ಮಾರುಕಟ್ಟೆಯಿಂದ ಮಾಯವಾಯಿತು. 2017ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ 10ರಲ್ಲೇ ಕಣ್ಣಿನ ನಿಯಂತ್ರಣ ಸೇರಿಸಿತು. ಅದಕ್ಕೆ ಪ್ರೇರಣೆ, ಎಎಲ್‌ಎಸ್‌ಗೆ ತುತ್ತಾದ ಅಮೆರಿಕನ್ ಫುಟ್‌ಬಾಲ್ ಆಟಗಾರ ಸ್ಟೀವ್ ಗ್ಲೀಸನ್ ಆ ಕಂಪನಿಗೆ ಹಾಕಿದ ಸವಾಲು.

ಇನ್ನು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಹಳಬರ ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ, ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯವಿದೆ. ಅವರು ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಅಂಗವೈಕಲ್ಯವುಳ್ಳವರು ಕಂಪ್ಯೂಟರ್ ಬಳಸುವಾಗ ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಮೊದಲೇ ಊಹಿಸಬಲ್ಲ ಲೆಕ್ಕಾಚಾರದ ಮೇಲೆ. ಕೈ ನಡುಕ, ಮಂದ ದೃಷ್ಟಿ ಇರುವವರಿಗೆ ಗುಂಡಿ ಎಷ್ಟು ದೊಡ್ಡದಿರಬೇಕು, ಕರ್ಸರ್ ಎತ್ತ ಹೊರಟಿದೆ ಎಂದು ಯಂತ್ರವೇ ಹೇಗೆ ಅಂದಾಜು ಮಾಡಬೇಕು ಎಂಬಂಥ ಪ್ರಶ್ನೆಗಳು. ಆಮೇಲೆ ಅವರು ಅದೇ ಲೆಕ್ಕವನ್ನು ಹಿಡಿದುಕೊಂಡು ಕಾರು ಓಡಿಸುವವರ ಕಡೆಗೆ, ಯುದ್ಧವಿಮಾನದ ಕಡೆಗೆ ಹೋದರು. ಅವರ ವಾದ ನೇರವಾದದ್ದು. ಕುಲುಕುವ ಕಾಕ್‌ಪಿಟ್‌ನಲ್ಲಿ, ಕೈಗವಸು ತೊಟ್ಟು, ಎರಡೂ ಕೈಯಲ್ಲಿ ಕೆಲಸ ಹಿಡಿದ ಪೈಲಟ್ ಆ ಹೊತ್ತಿನ ಮಟ್ಟಿಗೆ ಅಂಗವಿಕಲನೇ. ಅವನಿಗೂ ಗುರಿ ಮುಟ್ಟುವುದು ಕಷ್ಟ, ಅವನಿಗೂ ಯಂತ್ರ ಅರ್ಧ ದಾರಿ ಎದುರು ಬರಬೇಕು.

ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರ ಜತೆಗೂಡಿ ಈ ತಂಡ ಪೈಲಟ್‌ಗಳ ಕಣ್ಣನ್ನು ಸಿಮ್ಯುಲೇಟರಿನಲ್ಲೂ ಹಾರುವ ವಿಮಾನದಲ್ಲೂ ಅಳೆಯಿತು. ಹಾರಾಟದ ಪರೀಕ್ಷೆಗೆ ಬಳಸಿದ್ದು ಹಾಕ್ ತರಬೇತಿ ವಿಮಾನ. ಕಣ್ಣಿನ ಜಿಗಿತ, ಪಾಪೆಯ ಹಿಗ್ಗುವಿಕೆಯಿಂದ ಪೈಲಟ್‌ನ ಮನಸ್ಸಿನ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂದು ಹೇಳಬಹುದೇ ಎಂಬುದನ್ನು ನೋಡಿದರು. 2019ರಲ್ಲಿ ಅದು ಪ್ರಕಟವಾಯಿತು. ತೆರೆಯ ಮೇಲಿನ ಗುಂಡಿಯನ್ನು ಪೈಲಟ್ ಕಣ್ಣಿನಿಂದಲೇ ಆರಿಸುವ ವ್ಯವಸ್ಥೆಗಳನ್ನೂ ಕಟ್ಟಿ ಪರೀಕ್ಷಿಸಿದರು. ಮೇಲೆ ಹೋದಂತೆ ಎದುರಾದ ತೊಂದರೆ ವಿಚಿತ್ರವಾದದ್ದು. ಪ್ರಯೋಗಾಲಯದ ಕತ್ತಲಲ್ಲಿ ಚೆನ್ನಾಗಿ ನಡೆಯುವ ಅತಿಗೆಂಪು ಕ್ಯಾಮೆರಾಕ್ಕೆ ಮೋಡದ ಮೇಲಿನ ಬಿಸಿಲು ಆಗಿಬರುವುದಿಲ್ಲ. ಸೂರ್ಯನೂ ಅತಿಗೆಂಪನ್ನೇ ಸುರಿಯುತ್ತಾನೆ, ಪುಟ್ಟ ದೀಪದ ಮಿಂಚುಚುಕ್ಕೆ ಅದರಲ್ಲಿ ಮುಳುಗಿಹೋಗುತ್ತದೆ. ಮನೆಯ ಜಗಲಿಯಲ್ಲಿ ಗಾಲಿಕುರ್ಚಿ ಹಾಕಿಕೊಂಡು ಕೂತವರದ್ದೂ ಇದೇ ತಕರಾರು.

ಇದೇ ತಂಡ ಅದೇ ವರ್ಷಗಳಲ್ಲಿ ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ವಿದ್ಯಾರ್ಥಿಗಳ ಜತೆ ಕೂತಿತು. ಸೆರೆಬ್ರಲ್ ಪಾಲ್ಸಿಯಿಂದ ಮಾತು, ಚಲನೆ ಎರಡೂ ಕಷ್ಟವಾದವರು ಅವರು. ಇಲ್ಲಿ ಮೊದಲು ಮಾಡಿದ್ದು ಯಂತ್ರ ಕೊಡುವುದನ್ನಲ್ಲ, ಅವರು ತೆರೆಯನ್ನು ಹೇಗೆ ನೋಡುತ್ತಾರೆ ಎಂದು ನೋಡುವುದನ್ನು. ಅವರ ನೋಟ ತೆರೆಯ ಎಲ್ಲ ಮೂಲೆಗಳಿಗೂ ಸಮನಾಗಿ ಹರಡುತ್ತಿರಲಿಲ್ಲ. ಬೇರೆಯವರು ಸಲೀಸಾಗಿ ಹುಡುಕುವ ಮೂಲೆ ಇವರಿಗೆ ದೂರ. ಹಾಗಾಗಿ ಗುಂಡಿಗಳನ್ನು ಅವರ ಕಣ್ಣು ತಾನಾಗಿ ಸುಳಿಯುವ ಕಡೆಗೆ ತಂದು ಇಟ್ಟರು. ಕಾಕ್‌ಪಿಟ್‌ನಲ್ಲಿ ಪೈಲಟ್‌ನ ನೋಟವನ್ನು ನೋಡಿ ಮುಳ್ಳುಗಳನ್ನು ಜೋಡಿಸಿದ ಫಿಟ್ಸ್ ಮಾಡಿದ್ದೂ ಇದನ್ನೇ. ಎಪ್ಪತ್ತು ವರ್ಷ ತಡವಾಗಿ ಅದೇ ಮರ್ಯಾದೆ ಈ ಮಕ್ಕಳಿಗೂ ಸಂದಿತು.

2020ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಕೆಲಸ ರೋಬೋಟಿನ ತೋಳು. ಮುಂದೆ ತೆರೆಯಿದೆ, ಅದರಲ್ಲಿ ತೋಳಿನ ಸುತ್ತಲಿನ ಜಾಗದ ನೇರ ವಿಡಿಯೊ ಕಾಣುತ್ತದೆ. ವಿದ್ಯಾರ್ಥಿ ಆ ವಿಡಿಯೊದಲ್ಲಿ ಎಲ್ಲಿ ನೋಡುತ್ತಾನೋ ತೋಳು ಅಲ್ಲಿಗೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಕಣ್ಣಿನ ಯಂತ್ರದಿಂದಲೂ ಸಾಧಾರಣ ವೆಬ್‌ಕ್ಯಾಮೆರಾದಿಂದಲೂ ನೋಟವನ್ನು ಓದಿದರು. ಒಂದು ವಸ್ತುವನ್ನು ಎತ್ತಿ ಇನ್ನೊಂದೆಡೆ ಇಡುವ ಕೆಲಸ ಸರಾಸರಿ 15 ಸೆಕೆಂಡಿನೊಳಗೆ ಮುಗಿಯಿತು. ಹುಟ್ಟಿದಾಗಿನಿಂದ ತನ್ನ ಕೈಯಿಂದ ಒಂದು ಲೋಟವನ್ನೂ ಸರಿಸದವನಿಗೆ 15 ಸೆಕೆಂಡು ತಡವೆಂದು ಹೇಳುವವರು ಯಾರು?

ಕಾನೂನು ಕೂಡ ಈ ನಡುವೆ ಬದಲಾಗಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಸ್ನಾಯುಕ್ಷಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಮುಂತಾದವು ಸೇರಿದ್ದು ಆಗ. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಜನ, ಕರ್ನಾಟಕದ 13 ಲಕ್ಷಕ್ಕೂ ಹೆಚ್ಚು ಜನ ಅಂಗವಿಕಲರೆಂದು ದಾಖಲಾಗಿದ್ದು ಹಳೆಯ, ಕಿರಿದಾದ ಪಟ್ಟಿಯ ಲೆಕ್ಕ. ಇವರಲ್ಲಿ ಕಣ್ಣಿನ ಯಂತ್ರ ಬೇಕಾಗುವವರು ಸಣ್ಣ ಪಾಲು ಮಾತ್ರ. ಸಣ್ಣ ಪಾಲು ಎಂಬ ಕಾರಣಕ್ಕೇ ಮಾರುಕಟ್ಟೆ ಅವರ ಕಡೆ ತಿರುಗಿ ನೋಡುವುದಿಲ್ಲ. 2024ರಲ್ಲಿ ಆಪಲ್ ಕಂಪನಿ ಬೇರೆ ಯಾವ ಸಾಧನವೂ ಇಲ್ಲದೆ ಮುಂಬದಿಯ ಕ್ಯಾಮೆರಾದಿಂದಲೇ ಫೋನನ್ನು ಕಣ್ಣಿನಿಂದ ನಡೆಸುವ ಸೌಲಭ್ಯ ಕೊಟ್ಟಿತು. ದೊಡ್ಡ ಹೆಜ್ಜೆಯೇ, ಆದರೆ ಆ ಫೋನಿನ ಬೆಲೆ ನೋಡಿದವರಿಗೆ ಯಾರ ಕಡೆ ಇಟ್ಟ ಹೆಜ್ಜೆ ಎಂಬುದು ತಿಳಿಯುತ್ತದೆ.

ಬೆಲೆಯಷ್ಟೇ ದೊಡ್ಡ ಇನ್ನೊಂದು ತೊಡಕಿದೆ, ಅದು ನಮ್ಮ ಮನೆಯೊಳಗಿನದು: ಕನ್ನಡದಲ್ಲಿ ಕಣ್ಣಿನಿಂದ ಬರೆಯುವುದು ಹೇಗೆ? ಒಳ್ಳೆಯ ಯಂತ್ರವೂ ಅರ್ಧದಿಂದ ಒಂದು ಡಿಗ್ರಿಯಷ್ಟು ತಪ್ಪುತ್ತದೆ. ತೆರೆಯಿಂದ 60 ಸೆಂಟಿಮೀಟರ್ ದೂರ ಕೂತರೆ ಒಂದು ಡಿಗ್ರಿಯೆಂದರೆ ತೆರೆಯ ಮೇಲೆ ಸುಮಾರು ಒಂದು ಸೆಂಟಿಮೀಟರ್. ತಪ್ಪು ಯಾವ ಕಡೆಗಾದರೂ ಆಗಬಹುದಾದ್ದರಿಂದ ಗುಂಡಿ ಎರಡು ಸೆಂಟಿಮೀಟರಿಗಿಂತ ಅಗಲ ಇರಲೇಬೇಕು. ಇಂಗ್ಲಿಷಿನ 26 ಅಕ್ಷರ ಹೇಗೋ ಹಿಡಿಸುತ್ತವೆ. ಕನ್ನಡದ ಸ್ವರ, ವ್ಯಂಜನ, ಕಾಗುಣಿತದ ಗುರುತುಗಳನ್ನೆಲ್ಲ ಹರಡಿದರೆ ತೆರೆಯಲ್ಲಿ ಬರೆದದ್ದನ್ನು ತೋರಿಸಲು ಜಾಗವೇ ಉಳಿಯದು.

ಹಾಗಾದರೆ ಕೆ.ಪಿ. ರಾವ್ ಅವರು ರೂಪಿಸಿದ, ಸರ್ಕಾರ ಒಪ್ಪಿದ, ನುಡಿ ತಂತ್ರಾಂಶದಲ್ಲಿ ನಮಗೆಲ್ಲ ರೂಢಿಯಾದ ಕೀಲಿಮಣೆಯನ್ನೇ ತೆರೆಯ ಮೇಲೆ ಇಟ್ಟರೆ? ಅದು ಇಂಗ್ಲಿಷಿನ 26 ಕೀಲಿಗಳಲ್ಲಿ ಕನ್ನಡವನ್ನೆಲ್ಲ ಅಡಕ ಮಾಡಿದ ಜಾಣತನ. ಆದರೆ ಆ ಜಾಣತನ ಹತ್ತು ಬೆರಳುಗಳನ್ನು ನಂಬಿಕೊಂಡದ್ದು. ಕಿರುಬೆರಳು ಶಿಫ್ಟ್ ಒತ್ತಿಹಿಡಿದಾಗಲೇ ಇನ್ನೊಂದು ಬೆರಳು ಅಕ್ಷರ ಒತ್ತುತ್ತದೆ. ಕಣ್ಣು ಇರುವುದು ಒಂದೇ ಕಡೆ, ಅದು ಶಿಫ್ಟನ್ನು ಬೇರೆಯಾಗಿ ನೋಡಬೇಕು. ‘ಬಿದರೆಹಳ್ಳ ಕಾವಲ್’ ಎಂದು ಬರೆದು ನೋಡಿ. ಬಿ-ಗೆ ಎರಡು ನೋಟ, ದ-ಗೆ ಒಂದು, ರೆ-ಗೆ ಎರಡು, ಹ-ಗೆ ಒಂದು. ಳ್ಳ ಎಂಬ ಒಂದು ಒತ್ತಕ್ಷರಕ್ಕೆ ಶಿಫ್ಟು, ಳ, ಹಲಂತ, ಮತ್ತೆ ಶಿಫ್ಟು, ಮತ್ತೆ ಳ ಎಂದು ಐದು. ಖಾಲಿ ಜಾಗಕ್ಕೆ ಒಂದು. ಕಾವಲ್ ಎಂಬುದಕ್ಕೆ ಇನ್ನೂ ಆರು. ಒಟ್ಟು 18 ಸಲ ದೃಷ್ಟಿ ನೆಡಬೇಕು. ಒಂದೊಂದಕ್ಕೆ ಒಂದು ಸೆಕೆಂಡು ಎಂದರೂ ಊರಿನ ಹೆಸರು ಬರೆಯಲು 18 ಸೆಕೆಂಡು, ನಡುವೆ ಒಂದೂ ತಪ್ಪಾಗದಿದ್ದರೆ.

ಇದಕ್ಕಿಂತ ಕಣ್ಣಿಗೆ ಒಗ್ಗುವ ಜೋಡಣೆ ನಮ್ಮ ವರ್ಣಮಾಲೆಯಲ್ಲೇ ಇದೆ. ಕ, ಚ, ಟ, ತ, ಪ ಎಂಬ ಐದು ಸಾಲು, ಸಾಲಿಗೆ ಐದೈದು ಅಕ್ಷರ. ತೆರೆಯನ್ನು ಕೆಲವೇ ಅಗಲವಾದ ಪಟ್ಟಿಗಳಾಗಿ ಹಂಚಿ, ಮೊದಲ ನೋಟಕ್ಕೆ ವರ್ಗ, ಎರಡನೆಯ ನೋಟಕ್ಕೆ ಆ ವರ್ಗದೊಳಗಿನ ಅಕ್ಷರ ಎಂದಿಟ್ಟರೆ 25 ವ್ಯಂಜನಗಳು ಎರಡೆರಡು ನೋಟಕ್ಕೆ ಸಿಗುತ್ತವೆ, ಶಿಫ್ಟಿನ ಗೋಜಿಲ್ಲ. ಯ, ರ, ಲ, ವ ಮುಂತಾದ ಉಳಿದವಕ್ಕೆ ಎರಡು ಪಟ್ಟಿ, ಸ್ವರಕ್ಕೆ ಒಂದು. ನೋಟಗಳ ಲೆಕ್ಕ ಇಳಿಯುವುದಿಲ್ಲ, ಏರಲೂಬಹುದು, ನಿಜ. ಆದರೆ ಪಟ್ಟಿಗಳು ಅಂಗೈ ಅಗಲ ಇರುವುದರಿಂದ ಅಗ್ಗದ ವೆಬ್‌ಕ್ಯಾಮೆರಾ ಎರಡು ಮೂರು ಡಿಗ್ರಿ ತಪ್ಪಿದರೂ ಅಕ್ಷರ ತಪ್ಪುವುದಿಲ್ಲ. ಅಂಗನವಾಡಿಯಲ್ಲೇ ಕಖಗಘಙ ಬಾಯಿಪಾಠ ಮಾಡಿದ ಮಗುವಿಗೆ ಯಾವ ಅಕ್ಷರ ಎಲ್ಲಿದೆ ಎಂದು ತೆರೆಯಲ್ಲಿ ಹುಡುಕುವ ಕೆಲಸವೂ ತಪ್ಪುತ್ತದೆ. ಕಣ್ಣಿಗೆ ದಣಿವು ತರುವುದು ಬರೆಯುವುದಕ್ಕಿಂತ ಹುಡುಕುವುದು.

ಇದನ್ನು ಪರೀಕ್ಷಿಸಲು ಕಂಪ್ಯೂಟರೂ ಬೇಕಿಲ್ಲ. ಕಣ್ಣಿನಿಂದ ಬರೆಯುವ ಯಂತ್ರಗಳು ಬರುವ ಮೊದಲಿನಿಂದ ಇಂಗ್ಲಿಷ್ ಬಲ್ಲವರು ಇ-ಟ್ರಾನ್ ಎಂಬ ಪಾರದರ್ಶಕ ಹಲಗೆ ಬಳಸುತ್ತ ಬಂದಿದ್ದಾರೆ. ಹಲಗೆಯ ಅಂಚಿನ ಸುತ್ತ ಅಕ್ಷರಗಳ ಗುಂಪುಗಳು, ನಡುವೆ ಖಾಲಿ. ಇಬ್ಬರು ಅದರ ಆಚೀಚೆ ಕೂರುತ್ತಾರೆ. ಒಬ್ಬರು ಮೊದಲು ಗುಂಪನ್ನು, ಆಮೇಲೆ ಗುಂಪಿನಲ್ಲಿ ಎಷ್ಟನೆಯದು ಎಂಬುದನ್ನು ಸೂಚಿಸುವ ಕಡೆಯನ್ನು ನೋಡುತ್ತಾರೆ, ಎದುರಿನವರು ಆ ಕಣ್ಣನ್ನು ಓದಿ ಅಕ್ಷರ ಹೇಳುತ್ತಾರೆ. ಸ್ಟೇಷನರಿ ಅಂಗಡಿಯ ದಪ್ಪ ಪ್ಲಾಸ್ಟಿಕ್ ಹಾಳೆ, ಒಂದು ಮಾರ್ಕರ್ ಪೆನ್ನು ಇದ್ದರೆ ಕನ್ನಡದ ವರ್ಗಗಳನ್ನು ಬರೆದು ಯಾವ ಶಾಲೆಯ ಮೇಷ್ಟ್ರಾದರೂ ಮಧ್ಯಾಹ್ನದೊಳಗೆ ಇದನ್ನು ಮಾಡಬಹುದು. ಮಗು ಯಾವ ಗುಂಪಿನಲ್ಲಿ ತಡವರಿಸುತ್ತದೆ, ಯಾವ ಮೂಲೆಯನ್ನು ನೋಡುವುದೇ ಇಲ್ಲ ಎಂದು ವಾರವೊಂದು ಗುರುತು ಹಾಕಿಕೊಂಡರೆ, ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವವರಿಗೆ ಮೊದಲು ಬೇಕಾದ ಮಾಹಿತಿ ಅದೇ.